ಗಡಿಯಾಚೆಯಿಂದ ಬಂದ ಎಂಬತ್ತು ಕುರಿ

ಕಾರ್ತಿಕದ ಎರಡನೇ ಸೋಮವಾರ, ಬೆಳಿಗ್ಗೆ ಆರೂವರೆ. ಡಾಬಕಾ ದಾಟಿ ಮಹಾರಾಷ್ಟ್ರದ ಗಡಿಯ ಗೇಟು. ಹಾಜರಿದ್ದವರು: ಭಾಲ್ಕಿಯ ಪಶು ಇಲಾಖೆಯ ನೌಕರನಾಗಿದ್ದ ನಾನು, ಕಾವಲಿನ ಪೊಲೀಸ್, ಖಟಕ ಚಿಂಚೋಳಿಯ ಒಬ್ಬ ಕುರಿಗಾರ್ತಿ. ಆಚೆ ಮೇಯಿಸಿಕೊಂಡು ಊರಿಗೆ ಮರಳುತ್ತಿದ್ದ ಅವಳ ಹಿಂಡು ಗೇಟಿನ ಆ ಬದಿಗೆ ನಿಂತಿತ್ತು.

ನನ್ನ ಕೈಯಲ್ಲಿ ಬೀದರಿನ ಆದೇಶವಿತ್ತು. ಹಿಂಡಿಗೆ ಸಿಡುಬು ಇದೆಯೆಂದು ಭಾಲ್ಕಿಯಿಂದ ವರದಿ ಬಂದಿದೆ, ಗಡಿಯಾಚೆಯ ಸರ್ಕಾರವೂ ಖಚಿತಪಡಿಸಿದೆ. ಮೂರು ವಾರ ಒಳಗೆ ಬಿಡಕೂಡದು.

“ಮೂರು ವಾರಾ? ಇಲ್ಲಿ ಕುಡಿಲಾಕ ನೀರಿಲ್ರಿ. ಅರ್ಧ ಕುರಿ ಈಯಾಕ ಬಂದಾವ, ಮರಿ ಒಂದೂ ಉಳ್ಯಂಗಿಲ್ಲ,” ಎಂದಳು ಆಕೆ. “ಬ್ಯಾನಿ ನನ್ನ ಕುರಿಗಿಲ್ರೀ ಸಾಹೇಬ್ರ, ನಿಮ್ಮ ಕಾಗದಕ್ಕ ಆಗ್ಯಾದ.”

ಪೊಲೀಸ್ ನಕ್ಕ. ನಾನು ನಗಲಿಲ್ಲ. ಭಾಲ್ಕಿಯ ಆ ವರದಿ ನನ್ನದೇ. ಖಟಕ ಚಿಂಚೋಳಿಯ ಹಿಂಡಿಗೆ ಆಚೆ ಸಿಡುಬು ಬಂದಿದೆಯೆಂದು ಹಲಬರ್ಗಾದಲ್ಲಿ ಒಬ್ಬ ಬಸ್ ಚಾಲಕ ಹೇಳಿದ ಮಾತನ್ನು ಅಂದೇ ಬರೆದು ಬೀದರಿಗೆ ಕಳಿಸಿದ್ದೆ. ಒಂದು ಪ್ರತಿ ಗಡಿಯಾಚೆ ನನ್ನಂತೆಯೇ ಕೆಲಸ ಮಾಡುವ ಗೆಳೆಯನಿಗೂ ಹೋಗಿತ್ತು. ಒಬ್ಬನಿಗೆ ತಿಳಿದದ್ದು ಇನ್ನೊಬ್ಬನಿಗೆ ಅದೇ ದಿನ ತಲುಪಬೇಕು ಎಂಬುದು ನಮ್ಮ ಹಳೆಯ ಪದ್ಧತಿ. ಅದರಿಂದ ಎಷ್ಟೋ ರೋಗಗಳು ಗಡಿಯಲ್ಲೇ ನಿಂತಿವೆ.

ಹಿಂಡನ್ನು ಎಣಿಸಿದೆ. ನೂರ ಹನ್ನೆರಡು. ಆದೇಶದ ಜೊತೆ ಲಗತ್ತಿಸಿದ್ದ ಗೆಳೆಯನ ಮರಾಠಿ ಪತ್ರದಲ್ಲಿ ಎಂಬತ್ತು. ನನ್ನ ವರದಿಯಲ್ಲೂ ಎಂಬತ್ತು. ಚಾಲಕ ಸಂಖ್ಯೆಯನ್ನೇ ಹೇಳಿರಲಿಲ್ಲ. ಖಾನೆ ಖಾಲಿ ಬಿಡುವ ಅಭ್ಯಾಸವಿಲ್ಲದ ನಾನು ಅಂದಾಜಿನಲ್ಲಿ ತುಂಬಿದ್ದೆ.

ಅಲ್ಲಿಂದಲೇ ಗೆಳೆಯನಿಗೆ ಫೋನ್ ಮಾಡಿ, ಹಿಂಡನ್ನು ನೋಡಿದ್ದೀರಾ ಎಂದು ಕೇಳಿದೆ.

“ನಾ ಎಲ್ಲಿ ನೋಡೀನ್ರಿ? ನೀವೇ ಕಳಿಸಿದ್ರಲ್ಲ! ದೋಸ್ತ್ ಹೇಳ್ಯಾನಂದ್ರ ಖಾತ್ರಿನೇ ಅಂತ ಬರದೀನಿ.”

ನನ್ನ ಮಾತೇ ಗಡಿ ದಾಟಿ, ಭಾಷೆ ಬದಲಿಸಿ, ಮೊಹರು ಹಾಕಿಸಿಕೊಂಡು ಸಾಕ್ಷಿಯಾಗಿ ಮರಳಿತ್ತು. ಅಪರಿಚಿತನ ಪತ್ರವಾಗಿದ್ದರೆ ಬೀದರಿನವರು ‘ಕಂಡವರು ಯಾರು?’ ಎಂದು ಕೇಳುತ್ತಿದ್ದರು. ಸ್ನೇಹದ ಸರ್ಕಾರವೆಂದು ಯಾರೂ ಕೇಳಲಿಲ್ಲ. ಮಿತ್ರ ದೇಶಗಳು ಗುಪ್ತ ಮಾಹಿತಿ ಹಂಚಿಕೊಂಡವೆಂದು ಪತ್ರಿಕೆಯಲ್ಲಿ ಓದಿದಾಗ ನಾನು ಈಗಲೂ ‘ಕಂಡವರು ಇಂಥವರು’ ಎಂಬ ಒಂದು ಸಾಲನ್ನು ಹುಡುಕುತ್ತೇನೆ. ಅದು ಇರುವುದಿಲ್ಲ.

ಬೀದರಿಗೆ ತಿಳಿಸಿದೆ: ಸುದ್ದಿ ಎರಡಲ್ಲ, ಒಂದೇ; ಅದೂ ಕೇಳಿದ್ದು.

“ಹಂಗಂದ್ರ ಸುಳ್ಳಾ?” ಎಂದರು ಮೇಲಧಿಕಾರಿ.

“ಗೊತ್ತಿಲ್ರಿ. ನೋಡಿ ಹೇಳ್ತೇನಿ.”

ಒಂದೊಂದನ್ನೇ ಹಿಡಿದು ತುಟಿ, ತೊಡೆಸಂದು, ಬಾಲದ ಕೆಳಗೆ ನೋಡಿದೆ. ಜ್ವರ ಅಳೆದೆ. ಆಕೆ ಹಿಡಿದುಕೊಟ್ಟಳು, ಪ್ರತಿ ಕುರಿಗೂ ಒಂದು ಬೈಗುಳ; ಕುರಿಗೋ ನನಗೋ ತಿಳಿಯಲಿಲ್ಲ. ಗುಳ್ಳೆ ಎಲ್ಲೂ ಇರಲಿಲ್ಲ. ನಾಲ್ಕೂವರೆಗೆ ಬೀದರಿನ ಒಪ್ಪಿಗೆ ಬಂತು, ಗೇಟು ತೆರೆಯಿತು. ಅಷ್ಟರಲ್ಲಿ ಒಂದು ಕುರಿ ಅಲ್ಲೇ ಈದಿತ್ತು. ಮರಿಯನ್ನು ಆಕೆ ಕಂಬಳಿಯಲ್ಲಿ ಸುತ್ತಿಕೊಂಡು ಹೋದಳು.

ಭಾಲ್ಕಿಗೆ ಬಂದು ವರದಿಗಳ ವಹಿ ತೆರೆದೆ. ಎಂಬತ್ತನ್ನು ಹೊಡೆದುಹಾಕಿ ‘ಹೇಳಿದವನು ಸಂಖ್ಯೆ ಕೊಟ್ಟಿಲ್ಲ’ ಎಂದು ಬರೆದೆ. ಕೆಳಗೆ: ‘ಚಾಲಕನಿಂದ ಕೇಳಿದ್ದು, ಕಂಡದ್ದಲ್ಲ.’ ಆ ಪುಟದ ಪ್ರತಿಯನ್ನು ಗೆಳೆಯನಿಗೆ ಕಳಿಸಿ, ಪೆನ್ನಿನ ಮುಚ್ಚಳ ಹಾಕಿದೆ.