ದೊಡ್ಡಪ್ಪನ ಬುರುಡೆಗೆ ಕರೆಂಟು

ನಮ್ಮೂರು ಸಿಂಗಾಪುರದ ಭಜನೆ ಮನೆಗೆ ಕೀಬೋರ್ಡ್ ಬಂದದ್ದೇ ಬಂದದ್ದು, ದೊಡ್ಡಪ್ಪನ ಏಕತಾರಿಯ ಸದ್ದಡಗಿತು. ಒಂದು ಸೋರೆ ಬುರುಡೆ, ಒಂದು ಬಿದಿರು ಕೋಲು, ಒಂದೇ ತಂತಿ. ಪ್ಲಗ್ ಹಾಕಿದ ಪೆಟ್ಟಿಗೆಯ ಮುಂದೆ ಅದು ಎಷ್ಟು ಅಂತ ಕೂಗೀತು? ಒಂದು ಶನಿವಾರ ಕೀಬೋರ್ಡ್ ನುಡಿಸುವವನು, "ಯಜಮಾನ್ರೇ, ನೀವು ತಾಳ ಹಾಕ್ಕೊಂಡು ಆರಾಮಾಗಿ ಕೂತ್ಕೊಳಿ ಸಾಕು" ಅಂದುಬಿಟ್ಟನಂತೆ.

ದೊಡ್ಡಪ್ಪ ಮನೆಗೆ ಬಂದವನೇ ಏಕತಾರಿಯನ್ನು ಗೂಟಕ್ಕೆ ನೇತುಹಾಕಿದ. "ಇನ್ ಓಗಲ್ಲ ಕಣವ್ವ ನಾನು." ಅವತ್ತಿನಿಂದ ಪದ ಹಾಡುವುದನ್ನೇ ಬಿಟ್ಟ. ಮುದ್ದೆ ಇಕ್ಕಿದರೆ ಅರ್ಧ ಬಿಟ್ಟು ಏಳುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು. ಏಕತಾರಿ ಹಿಡಿದವನೇ ಮೊದಲ ಪದ ಎತ್ತಬೇಕು ಅನ್ನುವುದು ನಮ್ಮಲ್ಲಿ ಪದ್ಧತಿ. ಇಷ್ಟು ಕಾಲ ಅಲ್ಲಿ ಪದ ಎತ್ತಿದವನು ಯಾರಪ್ಪಾ?

ತಡಿ, ಮಾಡ್ತೀನಿ ಅಂತ ಸದ್ದು ಹಿಡಿಯಲು ಗಿಟಾರಿಗೆ ಹಚ್ಚುವ ಪಿಕಪ್ ತಂದೆ. ಬಿಲ್ಲೆಯಷ್ಟಿದ್ದ ಅದನ್ನು ಬುರುಡೆಗೆ ಅಂಟಿಸಿ, ವೈರು ಎಳೆದು ಸ್ಪೀಕರಿಗೆ ಚುಚ್ಚಿದೆ. ದೊಡ್ಡಪ್ಪ ತಂತಿ ಮೀಟಿದ. ಮನೆಯೆಲ್ಲ ಝುಂ ಅಂದಿತು. "ಅಯ್ ಇದ್ರ! ಬುರುಡೆಗೂ ಕರೆಂಟ್ ಬಂತಲ್ಲವ್ವ!" ಅಂತ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕ.

ಮುಂದಿನ ಶನಿವಾರ ನಾನೂ ಜೊತೆಗೆ ಹೋದೆ. ದೊಡ್ಡಪ್ಪ ಪದ ಎತ್ತಿದ, ಕೀಬೋರ್ಡ್ ಸೇರಿಕೊಂಡಿತು. ಅಯ್ಯೋ ದೇವರೇ! ಅದರ ಶ್ರುತಿ ಒಂದು ಕಡೆ, ಇವನ ತಂತಿ ಇನ್ನೊಂದು ಕಡೆ. ದೊಡ್ಡಪ್ಪನ ಕಿವಿ ಮಂದವಾಗಿತ್ತು, ತಂತಿ ಇಳಿದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಇಷ್ಟು ದಿನ ಯಾರಿಗೂ ಕೇಳಿಸದೆ ಮಾನ ಉಳಿದಿತ್ತು. ಈಗ ನಾನೇ ಸ್ಪೀಕರ್ ಹಾಕಿ ಊರಿಗೆಲ್ಲ ಸಾರಿದ್ದೆ. ಅವನೋ ಕಣ್ಣು ಮುಚ್ಚಿ ಹಾಡುತ್ತಲೇ ಇದ್ದ. ಯಾರೋ ಕಿಸಕ್ಕನೆ ನಕ್ಕರು. ವೈರು ಕಿತ್ತು ಬಿಸಾಕೋಣ ಅಂತ ಎದ್ದೆ.

ಕೀಬೋರ್ಡಿನವನು ಕೈಸನ್ನೆ ಮಾಡಿ ನನ್ನನ್ನು ಕೂರಿಸಿದ. ನುಡಿಸುವುದನ್ನು ನಿಲ್ಲಿಸಿ, ತಲೆ ಬಗ್ಗಿಸಿ ಏಕತಾರಿಯನ್ನೇ ಕೇಳಿದ. ಆಮೇಲೆ ಬಟನ್ ಒತ್ತಿ ಒತ್ತಿ, ಕೀಬೋರ್ಡಿನ ಶ್ರುತಿ ಇಳಿಸಿ, ದೊಡ್ಡಪ್ಪನ ತಂತಿಗೆ ತಂದು ಕೂಡಿಸಿದ. ಮಿಕ್ಕವರೂ ಅಲ್ಲಿಗೇ ದನಿ ಇಳಿಸಿ ಹಾಡಿದರು. ಅಷ್ಟು ಹೊತ್ತು ಅವನನ್ನು ಮನಸ್ಸಿನಲ್ಲೇ ಬೈಯುತ್ತಿದ್ದ ನನಗೆ ಅಳು ತಡೆಯಲಾಗಲಿಲ್ಲ.

ಮನೆಗೆ ಬರುವಾಗ ದೊಡ್ಡಪ್ಪ ಬುರುಡೆಯನ್ನು ಎದೆಗವಚಿಕೊಂಡು ಬೀಗುತ್ತಾ ನಡೆಯುತ್ತಿದ್ದ.

"ನೋಡ್ದೇನವ್ವ? ಆ ಪೆಟ್ಗೆ ಇವತ್ ಸರ್ಯಾಗ್ ಸುತೀಗ್ ಬಂತು. ಇಷ್ಟ್ ದಿನ ಅದೇ ತಪ್ತಿತ್ತು. ಆವಯ್ಯಂಗೆ ಏಳಾನ ಅಂತಿದ್ದೆ. ಪಾಪ, ನೊಂದ್ಕೊಂಡಾನು ಅಂತ ಸುಮ್ಕಿದ್ದೆ."