ಕತ್ತರಿ ಮಾವನ ಜೋಕುಗಳು

ಆ ಧಾರಾವಾಹಿ ಶುರುವಾದಾಗ ತೊಟ್ಟಿಲಲ್ಲಿದ್ದ ಕೂಸು ಈಗ ತನ್ನ ಮೊಮ್ಮಗಳಿಗೆ ಗಂಡು ಹುಡುಕುತ್ತಿತ್ತು. ಅತ್ತೆ ಮಾತ್ರ ಅದೇ ಬಾಗಿಲ ಹಿಂದೆ ನಿಂತು ಕದ್ದು ಕೇಳುತ್ತಲೇ ಇದ್ದಳು. ಇಂಥ ಧಾರಾವಾಹಿಯ ಮೇಲೆ ದಿನಾ ಸಂಜೆ ಫೋನಿನಲ್ಲಿ ಜೋಕು ಹಾಕುತ್ತಿದ್ದವನು ಮೂಲೆ ಅಂಗಡಿಯ ದರ್ಜಿ. ಪುಟದ ಹೆಸರು ‘ಕತ್ತರಿ ಮಾವ’. ಸಾವಿರಾರು ಜನ ಓದುತ್ತಿದ್ದರು. ನಕ್ಕು ನಕ್ಕು ಯಾರದೋ ಕಟ್ಟಿಸಿದ ಹಲ್ಲು ಹಾರಿ, ಎದುರುಮನೆಯ ಕಿಟಕಿ ಗಾಜು ಒಡೆಯಿತೆಂಬ ಸುದ್ದಿಯೂ ಇತ್ತು.

ಜನಕ್ಕೆ ಗೊತ್ತಿಲ್ಲದ್ದು ಒಂದೇ. ದರ್ಜಿ ಆ ಧಾರಾವಾಹಿಯನ್ನು ನೋಡಿದವನೇ ಅಲ್ಲ.

ಹೊಲಿಗೆ ಯಂತ್ರ ಮುಂದಿನ ಕೋಣೆಯಲ್ಲಿ, ಟೀವಿ ಒಳಗಿನ ಕೋಣೆಯಲ್ಲಿ, ನಡುವೆ ಒಂದು ಪರದೆ. ಒಳಗೆ ಹೆಂಡತಿ ಅಂಗಿಗಳಿಗೆ ಕಾಜ ಮಾಡುತ್ತ, ಗುಂಡಿ ಹಚ್ಚುತ್ತ, ಬಾಯಿಗೆ ಬಂದದ್ದನ್ನು ಅನ್ನುತ್ತಿದ್ದಳು.

“ರೀ, ಈ ಅತ್ತೆ ಕದ್ದು ಕೇಳೀ ಕೇಳೀ, ಈಗ ಬಾಗಿಲಿಗೇ ಕಿವಿ ಬಂದಿದೆ.”

“ಸೊಸೆ ಮೆಟ್ಟಿಲು ಇಳೀತಿದ್ದಾಳೆ. ನೀವು ಆ ಪ್ಯಾಂಟು ಮುಗಿಸಿ ಬನ್ನಿ, ಇನ್ನೂ ಇಳೀತಿರ್ತಾಳೆ.”

ದರ್ಜಿ ಪೆಡಲು ನಿಲ್ಲಿಸಿ, ಒಂದೇ ಬೆರಳಲ್ಲಿ ಅದನ್ನು ಫೋನಿಗೆ ಒತ್ತುತ್ತಿದ್ದ.

“ನಿನ್ನ ಹೆಸರು ಹಾಕ್ಲೇನೇ?”

“ಬೇಡಪ್ಪಾ. ಕೆಲಸ ಬಿಟ್ಟು ಟೀವಿ ಮುಂದೆ ಬಿದ್ದಿರ್ತಾಳೆ ಅಂತಾರೆ. ಎಷ್ಟು ಜನ ನಕ್ರು, ಅದನ್ನ ಹೇಳಿ ಸಾಕು.”

ನಾಯಕನ ಕಾರು ಪ್ರಪಾತಕ್ಕೆ ಬಿದ್ದು, ಮನೆಯವರೆಲ್ಲ ಎದೆ ಬಡಿದುಕೊಂಡು ಅಳುವಾಗ ಅವಳದು ಒಂದೇ ಮಾತು: “ಅಳಬೇಡ್ರೋ, ಸ್ವಲ್ಪ ತಡೀರಿ. ಹೊಸ ಮುಖ ಹಾಕ್ಕೊಂಡು ವಾಪಸ್ ಬರ್ತಾನೆ.” ಆ ಧಾರಾವಾಹಿಯಲ್ಲಿ ಸತ್ತವರು ಸಂತೆಗೆ ಹೋದವರಷ್ಟು ಸಲೀಸಾಗಿ ಮನೆಗೆ ಮರಳುತ್ತಿದ್ದರು. ಓದುಗರಿಗೆ ಈ ಜೋಕು ಬಾಯಿಪಾಠವಾಗಿತ್ತು.

ನಾಯಕ ಮತ್ತೊಮ್ಮೆ ಪ್ರಪಾತಕ್ಕೆ ಬಿದ್ದ ವಾರದಲ್ಲೇ, ಒಂದು ಮಧ್ಯಾಹ್ನ, ಹಲ್ಲಲ್ಲಿ ದಾರ ಕಚ್ಚಿಕೊಂಡಿದ್ದ ಹಾಗೇ ಅವಳು ಗೋಡೆಗೆ ಒರಗಿದಳು. ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು. ಮಡಿಲಲ್ಲಿದ್ದ ಅಂಗಿಗೆ ಕೊರಳ ಗುಂಡಿಯೊಂದೇ ಬಾಕಿ ಇತ್ತು.

ಪುಟ ಸುಮ್ಮನಾಯಿತು. ಓದುಗರು ಬಿಡಬೇಕಲ್ಲ.

“ಏನ್ ಮಾವ, ಕತ್ತರಿಗೆ ತುಕ್ಕು ಹಿಡೀತಾ?”

“ಮನೆಯವರು ಫೋನ್ ಕಿತ್ಕೊಂಡ್ರಾ?”

ದರ್ಜಿ ಪರದೆ ಸರಿಸಿ, ಮೊದಲ ಸಲ ಟೀವಿ ಮುಂದೆ ಕೂತ. ಯಾರು ಯಾರ ಮಗ ಎಂದೇ ತಿಳಿಯಲಿಲ್ಲ. ಸೊಸೆ ಮೆಟ್ಟಿಲು ಇಳಿಯುತ್ತಿದ್ದಳು. ಅವನಿಗೆ ಕಂಡದ್ದು ಬರೀ ಮೆಟ್ಟಿಲು.

ಅವಳು ಬೇಡವೆಂದಿದ್ದರೂ, ನಗಿಸಿದವಳು ಅವಳೆಂದು ಜನಕ್ಕೆ ಒಮ್ಮೆ ತಿಳಿಯಲೇಬೇಕು ಅನ್ನಿಸಿತು ಅವನಿಗೆ. ಇದ್ದದ್ದನ್ನು ಇದ್ದ ಹಾಗೆ ಬರೆದ: “ಈ ಜೋಕುಗಳು ನನ್ನವಲ್ಲ. ಎಲ್ಲ ನನ್ನ ಹೆಂಡತಿಯವು. ಅವಳು ತೀರಿಕೊಂಡಳು.”

ಫೋನು ಕೆಳಗಿಡುವ ಮೊದಲೇ, ಹರಿದ ಚೀಲದಿಂದ ಗುಂಡಿ ಸುರಿದ ಹಾಗೆ ನಗುಮುಖಗಳು ಸುರಿದವು.

“ಮಾವ ವಾಪಸ್! ಸೂಪರ್!”

“ಅಳಬೇಡಿ ಮಾವ, ಸ್ವಲ್ಪ ತಡೀರಿ. ಹೊಸ ಮುಖ ಹಾಕ್ಕೊಂಡು ಬರ್ತಾರೆ.”

ಹೆಂಡತಿಯ ತಂಗಿ ಅದನ್ನು ಓದಿ, ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿ ಬಂದಳು.

“ಭಾವ, ಅಳಿಸಿ ಅದನ್ನ! ನಮ್ಮಕ್ಕನ ಸಾವಿಗೆ ಹಲ್ಲು ಕಿರೀತಿದ್ದಾರೆ!”

“ಹೆಂಗಮ್ಮಾ ಅಳಿಸ್ಲಿ? ಅವಳ ಮಾತನ್ನೇ ಹೇಳ್ತಿದ್ದಾರೆ ನೋಡು.”

“ಹಂಗಾದ್ರೆ ಇದು ನಿಜ ಅಂತ ಬರೀರಿ.”

“ನಿಜಾನೇ ಬರೆದಿದ್ದು. ಇನ್ನೇನ್ ಬರೀಲಿ?” ಫೋನನ್ನು ಅವಳ ಕೈಗೆ ಕೊಟ್ಟ. “ನನಗೆ ಕಣ್ಣು ಮಂಜಾಗ್ತಿದೆ. ಎಷ್ಟು ಜನ ನಕ್ಕಿದ್ದಾರೆ, ಒಸಿ ನೋಡಿ ಹೇಳು. ನಿಮ್ಮಕ್ಕ ದಿನಾ ಕೇಳ್ತಿದ್ಲು.”

ತಂಗಿ ಫೋನು ಹಿಡಿದು ನಿಂತಳು. ಆಮೇಲೆ ಅದನ್ನು ಮಗುಚಿ ಹೊಲಿಗೆ ಯಂತ್ರದ ಮೇಲಿಟ್ಟಳು.

ಕೆಲವು ವಾರಗಳಲ್ಲಿ ನಾಯಕ ಹೊಸ ಮುಖ ಹಾಕಿಕೊಂಡು ಬಂದೇಬಿಟ್ಟ. ಪುಟದಲ್ಲಿ ಗದ್ದಲವೋ ಗದ್ದಲ: “ಮಾವ, ನೀವು ಹೇಳಿದಂಗೇ ಆಯ್ತು! ಹೋದವರೆಲ್ಲ ವಾಪಸ್!”

ದರ್ಜಿ ಒಳಗೆ ಅವಳು ಕೂರುತ್ತಿದ್ದ ಜಾಗದಲ್ಲಿ ಕೂತು, ಆ ಅಂಗಿಯ ಕೊರಳ ಗುಂಡಿ ಹಚ್ಚುತ್ತಿದ್ದ. ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ, ಒಂದೇ ಬೆರಳಲ್ಲಿ ಒತ್ತಿದ: “ಎಲ್ಲರೂ ಬಂದಿಲ್ಲ.”

ತಟ್ಟನೆ ಒಂದು ನಗುಮುಖ ಬಿತ್ತು. ಸ್ವಲ್ಪ ಹೊತ್ತಿಗೆ, ಹಾಕಿದವರೇ ಅದನ್ನು ತೆಗೆದರು.