ಹೋದ ವರ್ಷದ ಗ್ರೇವಿ

ಬರ್ನ್ಲಿ ಊರಿನ ಬಸ್ಸಿಗೆ ಕ್ಲಿಫರ್ಡ್ ಎಂಟ್ವಿಸಲ್ ಹತ್ತಿದನೆಂದರೆ, ಟಿಕೆಟ್ ತೆಗೆದುಕೊಂಡವರೂ ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಬಸ್ ಇನ್‌ಸ್ಪೆಕ್ಟರಾಗಿ ದುಡಿದು ನಿವೃತ್ತನಾದ ಮನುಷ್ಯ. ಟೋಪಿಯನ್ನು ಡಿಪೋದವರು ವಾಪಸ್ ಇಸಿದುಕೊಂಡರು, ಆ ನೋಟವನ್ನು ಇಸಿದುಕೊಳ್ಳಲು ಅವರಿಗೆ ಆಗಲಿಲ್ಲ. ಬೀದಿಯಲ್ಲಿ ಯಾರ ಮನೆಯ ಮೆಟ್ಟಿಲು ಉಜ್ಜಿಲ್ಲ, ಯಾರ ಕಿಟಕಿ ಪರದೆ ಮಾಸಿದೆ, ಭಾನುವಾರದ ಪ್ರಾರ್ಥನೆಯಲ್ಲಿ ಪಾದ್ರಿ ಯಾವ ಸಾಲು ನುಂಗಿದರು, ಎಲ್ಲವೂ ಅವನಿಗೆ ಗೊತ್ತು. ಲೋಕದಲ್ಲಿ ಕೆಲಸ ಮಾಡುವವರೊಂದು ಜಾತಿ, ಅದರಲ್ಲಿ ತಪ್ಪು ಹುಡುಕುವವರೊಂದು ಜಾತಿ, ದೇವರು ಯೋಚನೆ ಮಾಡಿಯೇ ತನ್ನನ್ನು ಎರಡನೆಯದರಲ್ಲಿ ಹುಟ್ಟಿಸಿದ್ದಾನೆ ಎಂದು ಅವನು ಗಟ್ಟಿಯಾಗಿ ನಂಬಿದ್ದ.

ಉಳಿದ ವಿಷಯಗಳಲ್ಲಿ ಅವನ ತೀರ್ಪನ್ನು ಜನ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದರು. ಗ್ರೇವಿಯ, ಅಂದರೆ ಊಟದ ಮೇಲೆ ಸುರಿದುಕೊಳ್ಳುವ ಮಾಂಸದ ಗಟ್ಟಿ ರಸದ, ವಿಷಯದಲ್ಲಿ ಮಾತ್ರ ಹಾಗಲ್ಲ. ಆ ಕಡೆಯ ಜನ ಕರಿದ ಆಲೂಗಡ್ಡೆಯ ಮೇಲೂ ಗ್ರೇವಿ ಸುರಿದುಕೊಳ್ಳುವವರು. ದೇವರಿಲ್ಲ ಎಂದವನ ಜೊತೆ ಕೂತು ಬಿಯರ್ ಕುಡಿದಾರು, ಗ್ರೇವಿ ನೀರಾಗಿದ್ದರೂ ನಡೆಯುತ್ತದೆ ಎಂದವನ ಪಕ್ಕ ಕೂರಲಾರರು. ಅಂಥ ಊರಿನಲ್ಲಿ ಕ್ಲಿಫರ್ಡ್ ತನ್ನ ನಾಲಿಗೆ ಯಾರಿಗೂ ಇಲ್ಲದ ನಾಲಿಗೆ, ಅಮ್ಮನಿಂದ ಬಳುವಳಿಯಾಗಿ ಬಂದದ್ದು ಎಂದು ಹೇಳಿಕೊಂಡು ತಿರುಗುತ್ತಿದ್ದ. ಹರೆಯದಲ್ಲಿ ಒಬ್ಬ ಹುಡುಗಿಯನ್ನು ಮೆಚ್ಚಿ ಅವಳ ಮನೆಗೆ ಭಾನುವಾರದ ಊಟಕ್ಕೆ ಹೋಗಿದ್ದನಂತೆ. ಗ್ರೇವಿಯ ಅಡಿಯಿಂದ ತಟ್ಟೆಯ ಮೇಲಿನ ನೀಲಿ ಹೂವು ಕಾಣಿಸಿತಂತೆ. ಅಲ್ಲಿಗೇ ಸಂಬಂಧ ಮುರಿದು ಬಂದೆ ಎಂದು ಎದೆಯುಬ್ಬಿಸಿ ಹೇಳುತ್ತಿದ್ದ. ಆ ಹುಡುಗಿ ಮುಂದೆ ಮಾಂಸದಂಗಡಿಯವನನ್ನು ಮದುವೆಯಾಗಿ ದುಂಡುದುಂಡಗೆ ಸುಖವಾಗಿದ್ದಾಳೆ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಅವನಿಗೆ ಸಿಕ್ಕಿದವಳು ಮ್ಯೂರಿಯಲ್. ಶಾಲೆಯ ಅಡುಗೆಮನೆಯಲ್ಲಿ ನೂರಾರು ಮಕ್ಕಳಿಗೆ ಬೇಯಿಸಿ ಹಾಕಿ, ಮನೆಗೆ ಬಂದು ಇವನಿಗೂ ಬೇಯಿಸಿ ಹಾಕಿದವಳು. ಅವಳ ಕ್ರಿಸ್‌ಮಸ್ ಗ್ರೇವಿಗೆ ಬೀದಿಯಲ್ಲೇ ಹೆಸರು. ಹಿಂದಿನ ದಿನವೇ ಟರ್ಕಿ ಕೋಳಿಯ ಕತ್ತು, ಗುಂಡಿಗೆಗಳನ್ನು ಸಿಪ್ಪೆ ಸಮೇತ ಈರುಳ್ಳಿಯ ಜೊತೆ ಸಣ್ಣ ಉರಿಯಲ್ಲಿ ಕುದಿಯಲಿಡುತ್ತಿದ್ದಳು. ಹಬ್ಬದ ದಿನ ಓವನ್ನಿನಲ್ಲಿ ಕೋಳಿ ಬೆಂದ ತಟ್ಟೆಯ ತಳದಲ್ಲಿ ಕಪ್ಪಗೆ ಕಚ್ಚಿಕೊಂಡದ್ದನ್ನು ಹಿಟ್ಟು ಹಾಕಿ ಕೆರೆದು ಹುರಿದು, ಮೂಳೆಯ ರಸ ಹೊಯ್ದು, ಚಿಟಿಕೆ ಸಾಸಿವೆ ಪುಡಿ, ಒಂದು ಗುಟುಕು ಪೋರ್ಟ್ ವೈನ್ ಸೇರಿಸಿದರೆ ಆಯಿತು. ಚಮಚದ ಬೆನ್ನಿಗೆ ಅಂಟಿ ಹೊಳೆಯುವ ಗ್ರೇವಿ.

ಅದು ಮೇಜಿಗೆ ಬಂದ ಮೇಲೆ ಕ್ಲಿಫರ್ಡನ ಪೂಜೆ ಶುರು. ಎಲ್ಲರ ತಲೆಯ ಮೇಲೂ ಹಬ್ಬದ ಊಟಕ್ಕೆಂದೇ ಇಟ್ಟುಕೊಳ್ಳುವ ಕಾಗದದ ಕಿರೀಟ, ಎಲ್ಲರ ತಟ್ಟೆಯಲ್ಲೂ ಹಬೆಯಾಡುವ ಊಟ. ಆದರೆ ಯಾರೂ ಫೋರ್ಕ್ ಎತ್ತುವಂತಿಲ್ಲ. ಮನೆಯೊಡೆಯ ಬ್ರೆಡ್ಡಿನ ತುದಿ ಮುರಿದು ಗ್ರೇವಿಗೆ ಅದ್ದಿ, ಬಾಯಿಗಿಟ್ಟು ಕಣ್ಣು ಮುಚ್ಚಬೇಕು. ಕಣ್ಣು ತೆರೆಯುವವರೆಗೆ ಎಲ್ಲರೂ ಕಾಯಬೇಕು. ಅಳಿಯ ಕೀತ್ ಮೊದಲನೇ ವರ್ಷ ಗೊತ್ತಿಲ್ಲದೆ ಒಂದು ಆಲೂಗಡ್ಡೆ ಬಾಯಿಗೆ ಹಾಕಿಕೊಂಡಿದ್ದ. ಕ್ಲಿಫರ್ಡ್ ಒಂದೇ ಕಣ್ಣು ತೆರೆದು, ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವನನ್ನು ನೋಡುವಂತೆ ಅವನನ್ನು ನೋಡಿದ್ದ. ಆಮೇಲೆ ತೀರ್ಪು. ತಾನು ಮ್ಯೂರಿಯಲ್‌ಳನ್ನು ಮದುವೆಯಾದ ವರ್ಷದ ಮರುವರ್ಷದಿಂದ ಅದೇ ತೀರ್ಪು.

"ಹ್ಞೂಂ. ಪರವಾಗಿಲ್ಲ. ಆದ್ರೆ ಹೋದ ವರ್ಷದ್ದೇ ಚೆನ್ನಾಗಿತ್ತು."

ಈ ಲೆಕ್ಕದಲ್ಲಿ ವರ್ಷ ವರ್ಷವೂ ಇಳಿದೂ ಇಳಿದೂ ಆ ಗ್ರೇವಿ ಇಷ್ಟು ಹೊತ್ತಿಗೆ ಪಾತ್ರೆ ತೊಳೆದ ನೀರಾಗಿರಬೇಕಿತ್ತು. ಆದರೂ ಕ್ಲಿಫರ್ಡ್ ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ತಟ್ಟೆ ಒರೆಸಿ ತಿನ್ನುತ್ತಿದ್ದ. ಇದರಲ್ಲಿ ಏನೋ ತಾಳೆಯಾಗುತ್ತಿಲ್ಲ ಎಂದು ಯಾರಿಗೂ ಹೊಳೆದಿರಲಿಲ್ಲ. ಮ್ಯೂರಿಯಲ್‌ಗೆ ಮಾತ್ರ ಹೊಳೆದಿತ್ತು, ಬಾಯಿ ಬಿಟ್ಟಿರಲಿಲ್ಲ.

ಬಾಯಿ ಬಿಡುತ್ತಿದ್ದವಳು ಅವಳ ತಂಗಿ ಬೆರಿಲ್, ಗಂಡ ತೀರಿಕೊಂಡ ಮೇಲೆ ಪ್ರತಿ ಕ್ರಿಸ್‌ಮಸ್ಸಿಗೂ ಅಕ್ಕನ ಮನೆಗೇ ಬರುವವಳು. ಇವಳದು ಡಬ್ಬಿ ಗ್ರೇವಿ. ಅಂಗಡಿಯಲ್ಲಿ ಸಿಗುವ ಕಂದು ಹರಳಿಗೆ ಕುದಿನೀರು ಹೊಯ್ದರೆ ಮುಗಿಯಿತು.

"ಬೆರಿಲ್, ನಿನ್ನ ಗ್ರೇವಿ ಇದ್ರೆ ಗೋಡೆಗೆ ಕಾಗದ ಅಂಟಿಸೋಕೆ ಗೋಂದೇ ಬೇಡ," ಎಂದು ಕ್ಲಿಫರ್ಡ್ ಪ್ರತಿ ವರ್ಷವೂ ಹೇಳುತ್ತಿದ್ದ.

"ಮೊದಲು ನಿನ್ನ ಬಾಯಿಗೆ ಅಂಟಿಸಬೇಕಿತ್ತು ಕ್ಲಿಫ್, ನಮ್ಮಕ್ಕ ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ಲು," ಎಂದು ಬೆರಿಲ್ ಪ್ರತಿ ವರ್ಷವೂ ಹೇಳುತ್ತಿದ್ದಳು.

ಆ ವರ್ಷ ಕ್ರಿಸ್‌ಮಸ್ಸಿನ ಹಿಂದಿನ ದಿನ ಮಧ್ಯಾಹ್ನ ಕ್ಲಿಫರ್ಡ್ ಕ್ಲಬ್ಬಿನಿಂದ ಬಂದವನೇ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತಿ ಮೂಸಿದ.

"ಹೋದ ವರ್ಷ ಬಣ್ಣ ಇನ್ನೂ ಕೆಂಪಗಿತ್ತಲ್ವೇನೇ?"

ಗ್ರೇವಿ ಇನ್ನೂ ಆಗಿಯೇ ಇರಲಿಲ್ಲ, ಅಷ್ಟರಲ್ಲೇ ತೀರ್ಪು ಬಂದುಬಿಟ್ಟಿತ್ತು. ಮ್ಯೂರಿಯಲ್ ಉರಿ ಆರಿಸಿದಳು. ಏಪ್ರನ್ನಿನ ಗಂಟು ಬಿಚ್ಚಿ ಅವನ ಕತ್ತಿಗೆ ಹಾಕಿದಳು.

"ನಾಳೆ ಗ್ರೇವಿ ನೀನೇ ಮಾಡು."

"ನಾನಾ?"

"ಮತ್ತೆ? ಇಷ್ಟು ವರ್ಷ ಕೈ ನಂದು, ನಾಲಿಗೆ ನಿಂದು. ಎರಡೂ ಒಂದೇ ಕಡೆ ಇದ್ರೆ ಇನ್ನೂ ರುಚಿ ಬಂದೀತು. ಕೋಳಿ, ಆಲೂಗಡ್ಡೆ ನಾನು ನೋಡ್ಕೋತೀನಿ. ಗ್ರೇವಿಗೆ ಕೈ ಹಾಕಲ್ಲ."

ಬುದ್ಧಿಯಿದ್ದವನಾಗಿದ್ದರೆ ಅಲ್ಲೇ ತಪ್ಪಾಯಿತು ಎನ್ನುತ್ತಿದ್ದ. ಇವನು ಜಂಬದ ಕೋಳಿ. ಏಪ್ರನ್ ಬಿಚ್ಚಿಟ್ಟು ಮತ್ತೆ ಕ್ಲಬ್ಬಿಗೇ ಹೋಗಿ, "ನಾಳೆ ನಮ್ಮನೇಲಿ ಗ್ರೇವಿ ನಂದು ಕಣ್ರಪ್ಪಾ. ಗ್ರೇವಿ ಅಂದ್ರೆ ಏನು ಅಂತ ಹೆಂಗಸರೂ ನೋಡ್ಲಿ," ಎಂದು ಸಾರಿ ಬಂದ. ಈಗ ಹಿಂದೆ ಸರಿಯುವಂತಿರಲಿಲ್ಲ. ಗ್ರೇವಿ ಕೆಟ್ಟರೆ ಅವನ ನಾಲಿಗೆಯ ಮಾನ ಬೀದಿಪಾಲು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಬರ್ನ್ಲಿಯಲ್ಲಿ ಅಡಿಕೆಯಿಲ್ಲ, ಗ್ರೇವಿಗೇ ಹೋಗುತ್ತದೆ.

ಹಬ್ಬದ ದಿನ ಬೆಳಿಗ್ಗೆಯಿಂದ ಅವನು ಅಡುಗೆಮನೆ ಬಿಟ್ಟು ಕದಲಲಿಲ್ಲ. ಹೆಂಡತಿ ಅರ್ಧಕ್ಕೆ ಬಿಟ್ಟ ಪಾತ್ರೆಗೆ ಮತ್ತೆ ಉರಿ ಹಚ್ಚಿ, ಗಜ್ಜರಿ ಸೇರಿಸಿ, ದಾಲ್ಚಿನ್ನಿ ಎಲೆ ಹಾಕಿ ಕುದಿಸಿದ. ಪೋರ್ಟ್ ವೈನ್ ಅರ್ಧ ಪಾತ್ರೆಗೆ ಹೋಯಿತು, ಅರ್ಧ ಅವನ ಹೊಟ್ಟೆಗೆ. ಸುಳ್ಳು ಯಾಕೆ ಹೇಳಬೇಕು, ಮಧ್ಯಾಹ್ನದ ಹೊತ್ತಿಗೆ ಆ ರಸ ನಿಜಕ್ಕೂ ಚೆನ್ನಾಗಿತ್ತು. ಜೇನಿನ ಬಣ್ಣ ಬಂದಿತ್ತು. ಮನೆ ತುಂಬಾ ಘಮ್ಮೆನ್ನುತ್ತಿತ್ತು. ಮುಂದಿನ ಕೋಣೆಯಲ್ಲಿ ಮಗಳು ಹೇಜಲ್ ಜೊತೆ ಕೂತಿದ್ದ ಮ್ಯೂರಿಯಲ್ ಕೂಡ ಒಮ್ಮೆ ತಲೆಯೆತ್ತಿ ಗಾಳಿ ಮೂಸಿದಳು.

ಮ್ಯೂರಿಯಲ್ ಬಂದು ಬೆಂದ ಕೋಳಿಯನ್ನು ದೊಡ್ಡ ತಟ್ಟೆಗೆ ಎತ್ತಿಟ್ಟು ಹೊರಟುಹೋದಳು. ಓವನ್ನಿನ ತಟ್ಟೆ ಅಲ್ಲೇ ಉಳಿಯಿತು, ತಳವೆಲ್ಲ ಕಪ್ಪು ಹಿಡಿದು. ಕ್ಲಿಫರ್ಡ್ ಅದನ್ನು ನೋಡಿ ಮೂಗು ಮುರಿದ. ಎಂಥ ಕೊಳಕು ಹೆಂಗಸು! ಶಿಸ್ತಿನ ಮನುಷ್ಯ, ತಕ್ಷಣ ಅದಕ್ಕೆ ಬಿಸಿನೀರು ಬಿಟ್ಟು, ಸೋಪು ಹಾಕಿ ನೆನೆಯಲಿಟ್ಟ. ಗ್ರೇವಿಯ ಜೀವವೆಲ್ಲ ಇದ್ದದ್ದು ಆ ಕಪ್ಪಿನಲ್ಲಿ. ತಿಂದು ತೀರ್ಪು ಕೊಡುವವನಿಗೆ ಅದೆಲ್ಲಿ ಗೊತ್ತಾಗಬೇಕು?

ಇನ್ನುಳಿದದ್ದು ರಸ ಸೋಸುವ ಕೆಲಸ. ಆ ಮನೆಯ ಅಡುಗೆಗೆ ಅವನು ಜೀವಮಾನದಲ್ಲಿ ಕೈ ಹಚ್ಚಿದ್ದು ಒಂದೇ ಕೆಲಸಕ್ಕೆ. ಭಾನುವಾರ ಬೇಯಿಸಿದ ಕೋಸು ಬಸಿಯುವುದಕ್ಕೆ, ಅದೂ ಪಾತ್ರೆ ಭಾರವೆಂದು ಮ್ಯೂರಿಯಲ್ ಕರೆದಾಗ. ಕೈಗೆ ಗೊತ್ತಿದ್ದುದನ್ನೇ ಕೈ ಮಾಡಿತು. ತೂತಿನ ಬುಟ್ಟಿಯನ್ನು ಸಿಂಕಿನಲ್ಲಿಟ್ಟ. ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ, ಬಹಳ ಗತ್ತಿನಿಂದ ಬಗ್ಗಿಸಿದ. ಹಬೆ ಕನ್ನಡಕ ಮುಚ್ಚಿತು. ಗುಳುಗುಳು ಎಂಬ ಸದ್ದು ಕೇಳಿಸಿತು. ಕನ್ನಡಕ ಒರೆಸಿಕೊಂಡು ನೋಡಿದರೆ ಬುಟ್ಟಿಯಲ್ಲಿ ಕೋಳಿಯ ಕತ್ತು, ಈರುಳ್ಳಿ ಸಿಪ್ಪೆ, ಮೆತ್ತಗಾದ ಗಜ್ಜರಿ. ಬೆಳಿಗ್ಗೆಯಿಂದ ಕುದಿಸಿದ ರಸವೆಲ್ಲ ಬರ್ನ್ಲಿಯ ಚರಂಡಿಗೆ. ಬಸಿದ ನೀರಿನಲ್ಲೇ ಸಾರು ಕುದಿಸುವ ನಮ್ಮವರ ಕೈಗೆ ಈ ತಪ್ಪು ಆಗುತ್ತಿರಲಿಲ್ಲ. ಬಸಿದದ್ದೆಲ್ಲ ಚರಂಡಿಗೆ ಎಂದು ಕಲಿತ ಊರಿನಲ್ಲಿ ಮಾತ್ರ ಆಗುವಂಥದ್ದು.

ಕ್ಲಿಫರ್ಡ್ ಸಿಂಕಿನ ತೂತನ್ನೇ ನೋಡುತ್ತಾ ನಿಂತ. ಆಗಲೇ ಬೆರಿಲ್ ಖಾಲಿ ಗ್ಲಾಸು ಹಿಡಿದುಕೊಂಡು ಶೆರಿ ವೈನ್ ಹುಡುಕುತ್ತಾ ಒಳಗೆ ಬಂದಳು.

"ಏನ್ ಕ್ಲಿಫ್, ಮೂಳೆಗೆ ಸ್ನಾನ ಮಾಡಿಸ್ತಿದೀಯಾ?"

"ಬಾಗಿಲು ಹಾಕು, ಬೆರಿಲ್."

ಅವಳು ಬಾಗಿಲು ಹಾಕಿದಳು. ಬುಟ್ಟಿ ನೋಡಿದಳು, ಸೋಪಿನ ನೊರೆಯಲ್ಲಿ ಮುಳುಗಿದ್ದ ತಟ್ಟೆ ನೋಡಿದಳು. ನಗು ತಡೆಯಲು ಗ್ಲಾಸನ್ನು ಬಾಯಿಗೆ ಒತ್ತಿ ಹಿಡಿದಳು, ಆದರೂ ಭುಜ ಕುಣಿಯುತ್ತಿತ್ತು. ಆಮೇಲೆ ಕೈಚೀಲದ ಬಾಯಿ ತೆರೆದು ತೋರಿಸಿದಳು. ಕರವಸ್ತ್ರದ ಪಕ್ಕದಲ್ಲಿ ಗ್ರೇವಿಯ ಡಬ್ಬಿ ಕೂತಿತ್ತು.

"ಇದ್ಯಾಕೆ ತಂದೆ?"

"ಗ್ರೇವಿ ಕ್ಲಿಫ್ ಮಾಡ್ತಾನೆ ಅಂತ ಅಕ್ಕ ಫೋನ್ ಮಾಡಿದ್ಲು. ಹಸ್ಕೊಂಡು ಮನೆಗೆ ಹೋಗೋ ಆಸೆ ನನಗಿರ್ಲಿಲ್ಲ."

ಅವನು ಕೈ ಚಾಚಿದ. ಅವಳು ಚೀಲ ಹಿಂದಕ್ಕೆಳೆದುಕೊಂಡಳು.

"ಮೊದ್ಲು ಹೇಳು. ಬೆರಿಲ್, ನಿನ್ನ ಗ್ರೇವಿ ಗೋಂದಲ್ಲ."

"ಅಯ್ಯೋ, ಅವರೆಲ್ಲ ಮೇಜಿಗೆ ಬರ್ತಿದಾರೆ ಕಣೇ!"

"ಹಾಗಾದ್ರೆ ಬೇಗ ಹೇಳು."

"ಗೋಂದಲ್ಲ," ಎಂದ ಕ್ಲಿಫರ್ಡ್, ಸಿಂಕಿಗೆ ಹೇಳುವಂತೆ.

"ಕೇಳಿಸ್ಲಿಲ್ಲ."

"ನಿನ್ನ ಗ್ರೇವಿ ಗೋಂದಲ್ಲ, ಮಾರಾಯ್ತಿ, ಕೊಡು!"

ಕುದಿನೀರು ಬಿತ್ತು, ಹರಳು ಕರಗಿತು, ಜಗ್ಗು ತುಂಬಿತು. ಕ್ಲಿಫರ್ಡ್ ಅದರ ಮೇಲೆ ತನ್ನ ದಾಲ್ಚಿನ್ನಿ ಎಲೆಯೊಂದನ್ನು ತೇಲಿಬಿಟ್ಟ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

ಜಗ್ಗು ಹಿಡಿದು ಊಟದ ಕೋಣೆಗೆ ಬಂದರೆ ಅವನ ಕುರ್ಚಿಯಲ್ಲಿ ಮ್ಯೂರಿಯಲ್ ಕೂತಿದ್ದಳು, ಕೆಂಪು ಕಾಗದದ ಕಿರೀಟ ಇಟ್ಟುಕೊಂಡು.

"ಮಾಡಿದವರೇ ರುಚಿ ನೋಡಿ ತೀರ್ಪು ಹೇಳೋದು ಸರಿ ಹೋಗಲ್ಲ. ನೀನು ಅಲ್ಲಿ ಕೂತ್ಕೋ," ಎಂದು ಅಡುಗೆಮನೆ ಬಾಗಿಲ ಪಕ್ಕ ತಾನು ಪ್ರತಿ ವರ್ಷ ಕೂರುತ್ತಿದ್ದ ಸ್ಟೂಲು ತೋರಿಸಿದಳು.

ಅವನು ಕೂತ. ಅವಳು ಬ್ರೆಡ್ಡಿನ ತುದಿ ಮುರಿದಳು, ಅದ್ದಿದಳು, ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಕೀತ್ ಅಭ್ಯಾಸಬಲದಿಂದ ಫೋರ್ಕ್ ಕೆಳಗಿಟ್ಟ. ಹೇಜಲ್ ಕೈಕಟ್ಟಿ ಕೂತಳು. ಬೆರಿಲ್ ತಟ್ಟೆಯಲ್ಲಿದ್ದ ಪುಟ್ಟ ಕೋಸುಗಳನ್ನು ಅತ್ತಿಂದಿತ್ತ ಉರುಳಿಸುತ್ತಿದ್ದಳು. ಕಣ್ಣು ಮುಚ್ಚಿಕೊಂಡವನಿಗೆ ಆ ಹೊತ್ತು ಎಷ್ಟು ಉದ್ದವೆಂದು ತಿಳಿಯುವುದಿಲ್ಲ, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತವರಿಗೆ ತಿಳಿಯುತ್ತದೆ. ತಂಗಿಯ ಡಬ್ಬಿ ಗ್ರೇವಿ ಅಕ್ಕನಿಗೆ ಗೊತ್ತಾಗದೆ ಇರುತ್ತದೆಯೇ? ಈಗ ಹೇಳಿಯೇ ಬಿಡುತ್ತಾಳೆ, ಅಳಿಯನ ಎದುರಿಗೇ. ತಟ್ಟೆಗಳ ಮೇಲಿನ ಹಬೆ ತೆಳ್ಳಗಾಗಿ ನಿಂತುಹೋಯಿತು. ಇಷ್ಟು ವರ್ಷ ಇವಳು ಇಲ್ಲಿ ಕೂತು ಹೀಗೇ ಕಾಯುತ್ತಿದ್ದಳೇ ಎಂದು ಅವನಿಗೆ ಆಗ ಮೊದಲ ಸಲ ಅನ್ನಿಸಿತು, ಅನ್ನಿಸಿದ್ದು ಅವನಿಗೆ ಚೂರೂ ಹಿಡಿಸಲಿಲ್ಲ.

ಮ್ಯೂರಿಯಲ್ ಒಂದು ಕಣ್ಣು ತೆರೆದು ಬೆರಿಲ್ ಕಡೆ ನೋಡಿದಳು. ಆಮೇಲೆ ಇನ್ನೊಂದನ್ನೂ ತೆರೆದಳು.

"ಹ್ಞೂಂ. ಪರವಾಗಿಲ್ಲ. ಆದ್ರೆ ಹೋದ ವರ್ಷದ್ದೇ ಚೆನ್ನಾಗಿತ್ತು."

ಮೊದಲು ಕೀತ್ ನಕ್ಕ. ಅವನ ಹಿಂದೆ ಹೇಜಲ್ ಮೇಜು ಬಡಿದು ಬಡಿದು ನಕ್ಕಳು.

"ಪರವಾಗಿಲ್ಲ ಅಂದ್ರೆ? ಏನ್ ಕಮ್ಮಿಯಾಗಿದೆ ಅದಕ್ಕೆ?" ಎಂದು ಬೆರಿಲ್ ರೇಗಿದಳು, ಆಮೇಲೆ ನಾಲಿಗೆ ಕಚ್ಚಿಕೊಂಡಳು.

ಕ್ಲಿಫರ್ಡ್ ನಗಲಿಲ್ಲ. ಗುಟ್ಟು ಬಯಲಾಗದೆ ಉಳಿದ ಸಮಾಧಾನಕ್ಕೋ, ಹೊಟ್ಟೆಯಲ್ಲಿದ್ದ ಪೋರ್ಟ್ ವೈನಿಗೋ, ನಾಲಿಗೆ ತಾನಾಗಿಯೇ ಹೊರಳಿತು.

"ಹೌದು. ಹೋದ ವರ್ಷದ್ದು ಚೆನ್ನಾಗಿತ್ತು. ಅದರ ಹಿಂದಿನ ವರ್ಷದ್ದೂ ಚೆನ್ನಾಗಿತ್ತು. ಎಲ್ಲಾ ವರ್ಷದ್ದೂ ಚೆನ್ನಾಗಿತ್ತು, ಮ್ಯೂರಿಯಲ್."

ಮ್ಯೂರಿಯಲ್ ತನ್ನ ತಟ್ಟೆಯ ಆಲೂಗಡ್ಡೆಯನ್ನು ಫೋರ್ಕಿನಿಂದ ಒತ್ತಿ ನೋಡಿದಳು. ಅದು ತಣ್ಣಗಾಗಿ ಗಟ್ಟಿಯಾಗಿತ್ತು.

"ಆವತ್ತಾವತ್ತೇ ಹೇಳಿದ್ರೆ," ಎಂದಳು, "ಇಷ್ಟು ವರ್ಷ ಎಲ್ಲರೂ ಬಿಸಿಯಾಗಿ ಊಟ ಮಾಡ್ತಿದ್ವಲ್ಲ."